ದೊರೆಸಾನಿಗೆ ಅತ್ತವರು

ಶಾರ್ಲರ್ವಾ, ಬೆಲ್ಜಿಯಂ
೭ ಮಾರ್ಚ್ ೧೯೬೫

ಅಕ್ಕಾ,

ಲಕೋಟೆಯ ಮೇಲಿನ ಕೈಬರಹ ನೋಡಿಯೇ ನೀನು ಇದನ್ನು ಒಲೆಗೆ ಹಾಕಬಹುದು. ಹಾಕುವ ಮುಂಚೆ ಅರ್ಧವಾದರೂ ಓದು. ನಾನು ಊರನ್ನೂ ಇಟಲಿಯನ್ನೂ ಬಿಟ್ಟು ಹದಿನಾಲ್ಕು ವರ್ಷವಾಯಿತು. ಮದುವೆಯಾದೆ ಎಂದು ಬರೆದ ಮೇಲೆ ಕ್ರಿಸ್ಮಸ್ಸಿಗೊಂದು ಕಾರ್ಡು ಬಿಟ್ಟರೆ ನಾನೇನೂ ಬರೆದವಳಲ್ಲ, ನೀನು ಅದಕ್ಕೂ ಉತ್ತರ ಕೊಟ್ಟವಳಲ್ಲ. ಈಗ ಬರೆಯುವುದಕ್ಕೆ ಕಾರಣ ಇಷ್ಟೇ: ಹೋದ ಭಾನುವಾರ ನಾನು ನಿನ್ನನ್ನು ನೋಡಿದೆ.

ನಮ್ಮ ಗಣಿ ಕೇರಿಯಲ್ಲಿ ಒಂದು ಟಾಕೀಸು ಇದೆ. ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರದ ಸದ್ದಿಗೆ ನನ್ನ ಗಂಡ ಕೊರಾದೋನ ಕಿವಿ ಪೂರ್ತಿ ಹೋಗಿದೆ. ಆದರೂ ಅವನಿಗೆ ಸಿನಿಮಾ ಅಂದರೆ ಪ್ರಾಣ. ಹೊರಗೆ ಹಚ್ಚಿದ್ದ ಚಿತ್ರದಲ್ಲಿ ಶವಪೆಟ್ಟಿಗೆಯಿಂದ ಒಬ್ಬ ದೊರೆಸಾನಿ ಏಳುತ್ತಿದ್ದಳು. ಕೆಳಗೆ ಎಲ್ಲ ಇಂಗ್ಲಿಷ್ ಹೆಸರುಗಳು. ಇಂಗ್ಲೆಂಡಿನ ದೆವ್ವ ಹೇಗಿರುತ್ತದೋ ನೋಡೋಣ ಎಂದು ಹೋದೆವು. ಮಾತೆಲ್ಲ ಫ್ರೆಂಚ್. ಕತೆ ನಡೆಯುವುದು ಎಲ್ಲೋ ಹಂಗೇರಿಯ ಕಡೆಯ ಬೆಟ್ಟಗಳಲ್ಲಂತೆ.

ಬೆಟ್ಟ ಕಂಡಿತು. ಕೋಟೆ ಕಂಡಿತು. ಕೋಟೆಯ ಮುರಿದ ಬುರುಜು ಕಂಡಿತು. ನಾನು ಎದ್ದು ನಿಂತೆ. "ಇದು ಕಸ್ತೆಲ್‌ಮೋರೋ! ನಮ್ಮೂರು!" ಅಂದೆ. ಹಿಂದಿನ ಸಾಲಿನ ಸಿಸಿಲಿ ಹೆಂಗಸು, "ಕೂತ್ಕೊಳಮ್ಮಾ ತಾಯಿ, ದೆವ್ವ ಕಾಣ್ತಿಲ್ಲ" ಅಂದಳು. ಆಮೇಲೆ ಪ್ರಾರ್ಥನಾ ಮಂದಿರ, ಶವಪೆಟ್ಟಿಗೆ, ಸುತ್ತ ಕರಿ ಬಟ್ಟೆಯ ಹೆಂಗಸರು. ಮೊದಲನೆಯವಳು ಪಾಲ್ಮೀರಾ! ಅವಳ ಆ ಮೂಗು ಬೇರೆ ಯಾರಿಗಿದೆ? ಪಕ್ಕದಲ್ಲಿ ಚೆಸೀರಾ. ನಮ್ಮ ಪಾಲ್ಮೀರಾಗೆ ಊರ ಮಾತು ಬಿಟ್ಟರೆ ರೋಮಿನ ಮಾತೂ ಸರಿಯಾಗಿ ಬಾರದು, ಅವಳು ಸೊಗಸಾದ ಫ್ರೆಂಚಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದಳು! ನಾನು ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಾ ಹೋದೆ. ಮಂದಿಯೆಲ್ಲ ಹೆದರಿ ಉಸಿರು ಹಿಡಿದಿದ್ದಾರೆ, ನಾನೊಬ್ಬಳು ನಗುತ್ತಿದ್ದೇನೆ.

ಆಮೇಲೆ ನೀನು ಬಂದೆ. ಪರದೆ ತುಂಬ ನಿನ್ನ ಮುಖ. ಅಳುತ್ತಿದ್ದೆ. ನನ್ನ ನಗು ನಿಂತುಹೋಯಿತು. ಅಮ್ಮ ಸತ್ತಾಗಲೂ ನೀನು ಅತ್ತವಳಲ್ಲ. ದೊಡ್ಡವಳು ಅಳಬಾರದು ಅಂತ ಬಂದವರಿಗೆ ಜಾಗ ಮಾಡುತ್ತಾ ಓಡಾಡಿದವಳು.

ನನ್ನ ಮಗಳು ಲೀದಿಯಾ ಕೇಳುತ್ತಾಳೆ: "ದೊಡ್ಡಮ್ಮ ದೆವ್ವಾನಾ ಅಮ್ಮಾ?" ಹತ್ತು ವರ್ಷದ ಹುಡುಗಿಗೆ ಏನು ಹೇಳಲಿ, ಅವಳು ನಿನ್ನನ್ನು ಕಂಡೇ ಇಲ್ಲ.

ಇನ್ನೊಂದು ವಿಷಯ. ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ. ಕೊರಾದೋನ ಎದೆ ಗಣಿ ಧೂಳಿಗೆ ಕೆಟ್ಟಿದೆ. ಕೆಲಸ ಬಿಡಿಸಿ ಪಿಂಚಣಿ ಕೊಟ್ಟಿದ್ದಾರೆ. ಈ ವರ್ಷ ಕಳೆದರೆ ಗಣಿಯ ಮನೆಯೂ ನಮ್ಮದಲ್ಲ. ವೈದ್ಯರು ಬೆಟ್ಟದ ಗಾಳಿ ಬೇಕು ಅನ್ನುತ್ತಾರೆ. ಅಪ್ಪನ ಮನೆಯ ಮಹಡಿ ಕೋಣೆ ನನ್ನ ಪಾಲಿನದು ಎಂದು ವಾದಕ್ಕೆ ಬರುವವಳಲ್ಲ ನಾನು. ನೀನು ಕರೆದರೆ ಬರುತ್ತೇನೆ, ಕರೆಯದಿದ್ದರೆ ಇಲ್ಲ.

ಅದಿರಲಿ. ನೀನು ಯಾರಿಗೆ ಅಳುತ್ತಿದ್ದೆ ಅಕ್ಕಾ? ಅದೊಂದು ಹೇಳು.

ಜೆಲಿಂದಾ


ಕಸ್ತೆಲ್‌ಮೋರೋ
೨೮ ಮಾರ್ಚ್ ೧೯೬೫

ಜೆಲಿಂದಾ,

ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ. ಒಲೆಗೆ ಹಾಕಲು ಇಲ್ಲಿ ಕಟ್ಟಿಗೆ ಇದೆ.

ನಾವು ಆ ಸಿನಿಮಾದಲ್ಲಿ ಇರುವುದು ಹೌದು. ಹೋದ ವರ್ಷ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ರೋಮಿನಿಂದ ಲಾರಿಗಳು ಬಂದವು. ಕೋಟೆ ಬೇಕು ಅಂದರು. ಇಂಗ್ಲಿಷಿನವರು ಒಬ್ಬರೂ ಇರಲಿಲ್ಲ. ನಿರ್ದೇಶಕ ರೋಮಿನವನು, ಬೆಳ್ಳುಳ್ಳಿ ವಾಸನೆಯವನು. ಹಾಗಾದರೆ ಕ್ಯಾಮೆರಾ ಮುಂದೆ ಹಿಡಿಯುವ ಹಲಗೆಯ ಮೇಲೆ ಇಂಗ್ಲಿಷ್ ಹೆಸರು ಯಾಕೆ ಬರೆದಿದ್ದೀರಿ ಎಂದು ಕೇಳಿದೆ. "ಅಮ್ಮಾ, ನಮ್ಮೋರು ಮಾಡಿದ ದೆವ್ವಕ್ಕೆ ನಮ್ಮೋರೇ ಹೆದರಲ್ಲ. ಟಿಕೀಟು ತಗೊಳ್ಳಲ್ಲ" ಅಂದ. ದೇವರು ಕೊಟ್ಟ ಹೆಸರು ಬಚ್ಚಿಟ್ಟುಕೊಂಡು ದುಡಿಯುವುದು ಎಂಥ ಕಷ್ಟವೋ ಅನ್ನಿಸಿತು.

ಕರಿ ಬಟ್ಟೆ ಇರುವ ಹೆಂಗಸರು ಬೇಕು, ಶವದ ಸುತ್ತ ಕೂತು ಅಳಬೇಕು ಅಂದರು. ನಮ್ಮೂರಲ್ಲಿ ಕರಿ ಬಟ್ಟೆಗೆ ಬರವೇ? ಎಲ್ಲರೂ ಹೋದೆವು. ಪಾದ್ರಿಗಳು, ದೋನ್ ಎಲೀಜಿಯೋ, ಬೇಡ ಅನ್ನಲಿಲ್ಲ. ಆ ಕಂಪನಿಯವರು ಗುಡಿಯ ಚಾವಣಿಗೆ ಹೆಂಚು ಹಾಕಿಸಿಕೊಟ್ಟಿದ್ದರು.

ನಿರ್ದೇಶಕ ಹೇಳಿದ: "ಪ್ರಾರ್ಥನೆ ಮಾಡೋದು ಬೇಡ. ಸುಮ್ನೆ ತುಟಿ ಆಡ್ಸಿ. ದನಿ ಆಮೇಲೆ ರೋಮಲ್ಲಿ ಬೇರೇರು ಹಾಕ್ತಾರೆ."

ಪಾಲ್ಮೀರಾ ಅಂದಳು: "ಸುಮ್ನೆ ತುಟಿ ಆಡ್ಸೋದು ಮೀನು ಕಣಪ್ಪಾ. ನಾವು ಕ್ರೈಸ್ತರು."

ಪೆಟ್ಟಿಗೆಯಲ್ಲಿ ಮಲಗಿದ್ದ ಹುಡುಗಿ ಪಾಪ ಮಿಲಾನಿನವಳು, ಮುಖಕ್ಕೆ ಹಿಟ್ಟು ಬಳಿದಿದ್ದರು, ಚಳಿಗೆ ಹಲ್ಲು ಕಡಿಯುತ್ತಿದ್ದಳು. ಇಲ್ಲದ ದೊರೆಸಾನಿಗೆ ಸತ್ತವರ ಪ್ರಾರ್ಥನೆ ಹೇಳಿದರೆ ದೇವರ ಹತ್ತಿರ ಸುಳ್ಳಾಡಿದಂತೆ. ಆದ್ದರಿಂದ ನಾವು ನಾವೇ ಮಾತಾಡಿಕೊಂಡು, ಒಬ್ಬೊಬ್ಬಳೂ ಅವಳವಳ ಸತ್ತವರಿಗೆ ಅಳುವುದು ಎಂದು ತೀರ್ಮಾನಿಸಿದೆವು. ಪಾಲ್ಮೀರಾ ರಷ್ಯಾದ ಹಿಮದಲ್ಲಿ ಹೋದ ಮಗನಿಗೆ ಅತ್ತಳು. ಚೆಸೀರಾ ಗಂಡನಿಗೆ ಅಳಲು ನೋಡಿದಳಂತೆ, ಬರಲಿಲ್ಲವಂತೆ. ಕೊನೆಗೆ ತನ್ನ ಹೇಸರಗತ್ತೆಯನ್ನು ನೆನೆದಳು. ಆಮೇಲೆ ಅವಳನ್ನು ನಿಲ್ಲಿಸಲು ಆಗಲಿಲ್ಲ.

ಅತ್ತ ಮೇಲೆ ಬಿಡುವುದುಂಟೇ? ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಊಟ ಒಯ್ಯಬೇಕು. ಮನೆಗೆ ಬಂದು ಕೋಳಿ ಸಾರು ಮಾಡಿ, ಬ್ರೆಡ್ಡು, ಕುರಿಹಾಲಿನ ಗಿಣ್ಣು ಕಟ್ಟಿಕೊಂಡು ಹೋಗಿ, ದೊರೆಸಾನಿಯ ಗಂಡನ ವೇಷದ ನಟನ ಮುಂದೆ ಇಟ್ಟೆವು. ಕಂಪನಿಯವರು ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ. ಅಂಟಿಸಿದ ಮೀಸೆ ಕಿತ್ತಿಟ್ಟು ಪೂರ್ತಿ ಉಂಡ. "ನನ್ನ ಸ್ವಂತ ಹೆಂಡ್ತಿ ಹೋದಾಗ ಬಾಡಿಗೆ ಮನೆ ಮೆಟ್ಟಿಲ ಮೇಲೆ ಒಬ್ನೇ ಕೂತಿದ್ದೆ. ಯಾರೂ ಒಂದು ಲೋಟ ನೀರು ತರ್ಲಿಲ್ಲ" ಅಂದ. ನಗುತ್ತಿದ್ದವರು ಒಬ್ಬೊಬ್ಬರಾಗಿ ಬಂದು ಅವನ ಪಕ್ಕ ಕೂತರು.

ನೀನು ಕೇಳಿದ್ದಕ್ಕೆ ಉತ್ತರ: ಅಮ್ಮನಿಗೆ. ಅವತ್ತು ಅಳದೆ ಉಳಿದದ್ದನ್ನು ಆ ಪೆಟ್ಟಿಗೆಯ ಮುಂದೆ ಅತ್ತೆ.

ಮನೆಯ ವಿಷಯ. ನೀನು ಆ ಮನುಷ್ಯನನ್ನು ಬೆಲ್ಜಿಯಮ್ಮಿನ ಸರಕಾರಿ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದೆ ಎಂದು ಕಾಗದ ಬಂದ ದಿನ, ನಾನು ಮಾತೆ ಮರಿಯಳ ಪಾದ ಮುಟ್ಟಿ ಆಣೆ ಇಟ್ಟಿದ್ದೇನೆ: ಗುಡಿಯಲ್ಲಿ ಮದುವೆಯಾಗುವ ತನಕ ನನ್ನ ಕೈಯಿಂದ ಆ ಮನುಷ್ಯನಿಗೆ ಬಾಗಿಲು ತೆರೆಯುವುದಿಲ್ಲ. ಅದು ನಿನ್ನ ಕಿವಿಗೂ ಬಿದ್ದಿರುತ್ತದೆ. ಇಟ್ಟ ಆಣೆ ಇಟ್ಟದ್ದೇ. ಗುಡಿಗೆ ಬನ್ನಿ, ಬಾಗಿಲು ತೆಗೆಯುತ್ತೇನೆ.

ನಾನು ದೆವ್ವವಲ್ಲ ಎಂದು ಹುಡುಗಿಗೆ ಹೇಳು.

ಎರ್ಸಿಲಿಯಾ


ಶಾರ್ಲರ್ವಾ
೨೦ ಏಪ್ರಿಲ್ ೧೯೬೫

ಅಕ್ಕಾ,

ನಿನ್ನ ಕಾಗದವನ್ನು ಓದಿ ಹೇಸರಗತ್ತೆಯ ಹತ್ತಿರ ಬಂದಾಗ ನಾನೂ ಲೀದಿಯಾಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹುಡುಗಿ ಈಗ ಶಾಲೆಯಲ್ಲೆಲ್ಲ ನಮ್ಮ ದೊಡ್ಡಮ್ಮ ಸಿನಿಮಾ ತಾರೆ ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ಯಾರೂ ನಂಬುವುದಿಲ್ಲ. ಸಿಸಿಲಿ ಹೆಂಗಸು ನನಗೆ, "ಇಂಗ್ಲಿಷ್ ಸಿನಿಮಾದಲ್ಲಿ ನಿಮ್ಮಕ್ಕ, ಪೋಪಿನ ಪಕ್ಕದಲ್ಲಿ ನಮ್ಮತ್ತೆ" ಅಂದಳು.

ಅಮ್ಮನಿಗೆ ಅತ್ತೆ ಅಂತ ಬರೆದಿದ್ದೀ. ಆ ಸಾಲನ್ನು ನಾನು ಕೊರಾದೋಗೆ ತೋರಿಸಿದೆ. ಅವನು ಟೋಪಿ ಹಾಕಿಕೊಂಡು ಹೊರಟುಹೋದ. ಟಾಕೀಸಿನಿಂದ ಆ ಚಿತ್ರ ಎತ್ತುವ ಹಿಂದಿನ ದಿನ ಅದು. ಒಬ್ಬನೇ ಕೂತು ಮತ್ತೆ ನೋಡಿ ಬಂದ.

ನಿನಗೆ ಗೊತ್ತಿರಲಿ ಅಕ್ಕಾ, ಕಿವಿ ಹೋದ ಮೇಲೆ ಅವನು ಮಾತನ್ನು ತುಟಿಯಲ್ಲೇ ಓದುವುದು. ನಾನು ಬೆನ್ನು ತಿರುಗಿಸಿ ಬೈದರೆ ಮಾತ್ರ ಅವನಿಗೆ ತಿಳಿಯುವುದಿಲ್ಲ. ಟಾಕೀಸಿನಲ್ಲಿ ನಮಗೆಲ್ಲ ಕೇಳಿದ್ದು ಯಾವಳೋ ಹೇಳಿದ ಫ್ರೆಂಚ್ ಪ್ರಾರ್ಥನೆ. ಅವನಿಗೆ ಅದು ಕೇಳುವುದೇ ಇಲ್ಲವಲ್ಲ.

ಬಂದವನು ಅಂದ: "ಅಮ್ಮ ಅಂತಿಲ್ಲ ಕಣೇ ಅವ್ರು. ಅಮ್ಮ ಅನ್ನೋಕೆ ತುಟಿ ಕೂಡ್ಬೇಕು. ಅವ್ರ ತುಟಿ ಕೂಡ್ತಾನೇ ಇಲ್ಲ. 'ಜೆಲೀ' ಅಂತಾರೆ. ಉಸಿರು ತಗೊಂಡು ಮತ್ತೆ 'ಜೆಲೀ' ಅಂತಾರೆ."

ನನ್ನನ್ನು ಜೆಲೀ ಎಂದು ಕರೆಯುವವಳು ಈ ಲೋಕದಲ್ಲಿ ನೀನೊಬ್ಬಳೇ. ಅವನಿಗೂ ನಾನು ಆ ಹೆಸರು ಕೊಟ್ಟಿಲ್ಲ.

ಕರೆದದ್ದು ನನ್ನನ್ನೇ ಆದರೆ, ಇನ್ನೊಂದು ಸಲ ಕರೆ.

ಜೆಲಿಂದಾ


ಕಸ್ತೆಲ್‌ಮೋರೋ
೧೩ ಜೂನ್ ೧೯೬೫

ಜೆಲಿಂದಾ,

ಉತ್ತರ ತಡವಾಯಿತು. ಹುಲ್ಲು ಕೊಯ್ಲು ಇತ್ತು.

ಆ ಮನುಷ್ಯನಿಗೆ ತನ್ನ ತುಟಿಯನ್ನು ತಾನು ನೋಡಿಕೊಳ್ಳಲು ಹೇಳು. ಬದುಕಿ ಉಂಡು ಓಡಾಡುತ್ತಿರುವವರ ಹೆಸರು ಹಿಡಿದು ಸತ್ತವರ ಪ್ರಾರ್ಥನೆ ಹೇಳುವಷ್ಟು ಬುದ್ಧಿಗೆಟ್ಟವಳಲ್ಲ ನಾನು. ನನಗೆ ಐವತ್ತು ತುಂಬಿತು. ಏನು ಹೇಳಿದೆ ಏನು ಬಿಟ್ಟೆ ಎಂದು ನನಗೆ ಗೊತ್ತಿಲ್ಲವೇ? ಇನ್ನು ಈ ಮಾತು ಬೇಡ.

ಎರ್ಸಿಲಿಯಾ

ಕೆಮ್ಮಿಗೆ ಒಣ ಅಂಜೂರ ಕುದಿಸಿ, ಸೋಸಿ, ಬಿಸಿ ಇರುವಾಗಲೇ ಕುಡಿಯಬೇಕು. ಜೇನು ಹಾಕಿದರೆ ಒಳ್ಳೆಯದು. ಅಂಜೂರ ಅಲ್ಲಿ ಚೆನ್ನಾಗಿರುವುದಿಲ್ಲ. ಬೇರೆ ಕಟ್ಟಿನಲ್ಲಿ ನಮ್ಮ ಮರದ್ದೇ ಕಳಿಸಿದ್ದೇನೆ.


ಶಾರ್ಲರ್ವಾ
೪ ಜುಲೈ ೧೯೬೫

ಎರ್ಸಿಲಿಯಾ ಅವರಿಗೆ,

ನಾನು ಕೊರಾದೋ. ಈ ಕಾಗದ ಬರೆಯುತ್ತಿರುವುದು ಜೆಲಿಂದಾಗೆ ಗೊತ್ತಿಲ್ಲ. ನನಗೆ ಬರೆದು ಅಭ್ಯಾಸ ಕಡಿಮೆ. ಕಲ್ಲಿದ್ದಲಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿದ್ದೇ ಹೆಚ್ಚು.

ಅಂಜೂರ ಬಂತು. ಎದೆಗೆ ಹಿತವಾಗಿದೆ. ನಿಮಗೆ ಉಪಕಾರ.

ನಾನು ದೇವರನ್ನು ನಂಬುವುದಿಲ್ಲ. ಅದನ್ನು ನಿಮ್ಮಿಂದ ಯಾವತ್ತೂ ಮುಚ್ಚಿಟ್ಟಿಲ್ಲ. ಕಂಡದ್ದನ್ನು ನಂಬುತ್ತೇನೆ. ಆ ಚಿತ್ರದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ, ಬೇಸರ ಮಾಡಬೇಡಿ. ಅದರಲ್ಲಿ ಎಲ್ಲರ ಬಾಯಿಯೂ ಸುಳ್ಳು. ನಾಯಕ ಮಂಡಿಯೂರಿ ಪ್ರೇಮದ ಮಾತಾಡುತ್ತಾನೆ, ಪಕ್ಕದ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ, ಅವನ ತುಟಿ ಮಾತ್ರ ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು ಅಂತ ಎಣಿಸುತ್ತಿದೆ. ದನಿ ಹೇಗೂ ಆಮೇಲೆ ಬರುತ್ತದಲ್ಲ. ದೊರೆಸಾನಿ ಶಾಪ ಹಾಕುವಾಗ, ಯಾರಿಗೋ ಚಳಿ ಚಳಿ ಎಂದು ಹೇಳುತ್ತಿದ್ದಾಳೆ. ಇಡೀ ಟಾಕೀಸು ಅವಳಿಗೆ ಹೆದರಿತು, ನನಗೆ ಅವಳಿಗೊಂದು ಕಂಬಳಿ ಕೊಡೋಣ ಅನ್ನಿಸಿತು. ಸುಳ್ಳಾಡದ ಬಾಯಿ ಇದ್ದದ್ದು ಕರಿ ಬಟ್ಟೆಯ ನಿಮ್ಮದು ಮಾತ್ರ.

ನನಗೆ ದೆವ್ವದ ಭಯವಿಲ್ಲ. ನಿಮ್ಮ ಮುಖ ಕಂಡಾಗ ಭಯವಾಯಿತು. ಇವಳನ್ನು ಇಷ್ಟು ಹಚ್ಚಿಕೊಂಡವರ ಕೈಯಿಂದ ಕಿತ್ತುಕೊಂಡು ಬಂದೆನಲ್ಲ ಎಂದು.

ನನಗಾಗಿ ಏನೂ ಕೇಳುವುದಿಲ್ಲ. ಅವಳನ್ನೂ ಮಗಳನ್ನೂ ಕರೆಸಿಕೊಳ್ಳಿ. ಅವರಿಗೆ ಬಾಗಿಲು ತೆರೆಯಬಾರದೆಂದು ನಿಮ್ಮ ಆಣೆ ಇಲ್ಲ. ನಾನು ಇಲ್ಲಿ ಗಣಿಯವರ ಒಂಟಿ ಗಂಡಸರ ವಸತಿಯಲ್ಲಿ ಇರುತ್ತೇನೆ. ಅವಳು ಒಪ್ಪುವುದಿಲ್ಲ. ನೀವು ಹೇಳಿದರೆ ಒಪ್ಪಬಹುದು.

ಕೊರಾದೋ


ಕಸ್ತೆಲ್‌ಮೋರೋ
೧೨ ಸೆಪ್ಟೆಂಬರ್ ೧೯೬೫

ಜೆಲಿಂದಾ,

ನಿನ್ನ ಗಂಡ ನನಗೆ ಒಂದು ಕಾಗದ ಬರೆದಿದ್ದ. ಅವನು ಬರೆದದ್ದು ನಿನಗೆ ಬೇಡ. ಅವನು ಹೇಳಿದಂತೆ ಮಾಡಲು ನಾನು ಒಪ್ಪುವುದಿಲ್ಲ ಎಂದಷ್ಟೇ ಅವನಿಗೆ ಹೇಳು. ಗಂಡನನ್ನು ಬಿಟ್ಟು ಹೆಂಡತಿ ಬರುವುದು ನಮ್ಮ ಮನೆಯಲ್ಲಿಲ್ಲ, ಮದುವೆ ಎಲ್ಲಿಯೇ ಆಗಿರಲಿ.

ಈಗ ಕೇಳು. ನಾನು ಸಿನಿಮಾ ನೋಡಿದೆ.

ಕೆಳಗಿನ ಪೇಟೆ ರೊಕ್ಕಾಲ್ತಾಕ್ಕೆ ನಮ್ಮ ದೊರೆಸಾನಿ ಬಂದಳು ಎಂದು ಬಸ್ಸಿನವನು ಸುದ್ದಿ ತಂದ. ಗುಡಿಯ ಬಾಗಿಲಲ್ಲಿ ಯಾವ ಸಿನಿಮಾ ನೋಡಬಹುದು, ಯಾವುದು ಕೂಡದು ಎಂದು ಚೀಟಿ ಹಚ್ಚುತ್ತಾರಲ್ಲ, ಅದರಲ್ಲಿ ನಮ್ಮದಕ್ಕೆ 'ಎಲ್ಲರಿಗೂ ನಿಷಿದ್ಧ' ಎಂದಿತ್ತು. ನಾನು ದೋನ್ ಎಲೀಜಿಯೋ ಅವರ ಹತ್ತಿರ ಹೋದೆ.

"ಸ್ವಾಮೀ, ನಾನು ಅದರೊಳಗೆ ಇರಬಹುದಂತೆ, ನೋಡಬಾರದಂತೆ. ಇದ್ಯಾವ ನ್ಯಾಯ?"

"ಎರ್ಸಿಲಿಯಾ, ಹೆಂಚಿನ ವಿಷ್ಯ ಎತ್ಬೇಡ."

"ಹೆಂಚು ನಾನು ಎತ್ಲಿಲ್ಲ. ನೀವು ಎತ್ತಿದ್ರಿ."

ಅವರು ತಲೆ ಕೆರೆದುಕೊಂಡರು. "ನೀವು ಹೋಗೋದು ದುಃಖದ ಮನೆಗೆ ಅಂತ ತಿಳ್ಕೊಂಡು ಹೋಗಿ. ಕೈಯಲ್ಲಿ ಜಪಸರ ಇರ್ಲಿ. ಕೆಟ್ಟದ್ದು ಬಂದಾಗ ಕಣ್ಣು ಮುಚ್ಕೊಳ್ಳಿ." ಆಮೇಲೆ ದನಿ ತಗ್ಗಿಸಿ, "ಕೋಟೆ ಚೆನ್ನಾಗಿ ಬಂದಿದ್ಯಾ ನೋಡ್ಕೊಂಡು ಬಂದು ಹೇಳಿ" ಅಂದರು.

ಭಾನುವಾರ ಮಧ್ಯಾಹ್ನ ಅತ್ತವರೆಲ್ಲ ಕರಿ ಬಟ್ಟೆ ಉಟ್ಟು, ತಲೆಗೆ ಕರಿ ಮುಸುಕು ಹಾಕಿ ಬಸ್ಸು ಹತ್ತಿದೆವು. ಟಾಕೀಸಿನ ಬಾಗಿಲಿಗೆ ಹೋದರೆ ಮಾಲೀಕ ಕೈ ತಟ್ಟಿದ. "ಭೇಷ್! ಕಂಪನಿಯೋರು ಕಳ್ಸಿದ್ರಾ? ಒಳ್ಳೇ ಪ್ರಚಾರ! ಟಿಕೀಟು ಬೇಡ, ಮುಂದೆ ಕೂತ್ಕೊಳ್ಳಿ, ಯಾರ ಜೊತೇನೂ ಮಾತಾಡ್ಬೇಡಿ." ನಾವು ಕತ್ತಲಲ್ಲಿ ಸಾಲಾಗಿ ಒಳಗೆ ಹೋದೆವು. ಸಿನಿಮಾ ಇನ್ನೂ ಶುರುವಾಗಿರಲಿಲ್ಲ, ಅಷ್ಟರಲ್ಲೇ ಇಬ್ಬರು ಹುಡುಗಿಯರು ಕಿಟಾರನೆ ಕಿರುಚಿದರು. ಪಾಲ್ಮೀರಾ ಅವರಿಗೆ, "ಅಂಜ್ಬೇಡ್ರೇ, ನಾವಿನ್ನೂ ಸತ್ತಿಲ್ಲ" ಅಂದಳು. ಅದಕ್ಕೆ ಇನ್ನೂ ಜೋರಾಗಿ ಕಿರುಚಿದರು.

ಕೋಟೆ ಕಂಡ ಕೂಡಲೇ ಚೆಸೀರಾ, "ಅಯ್ಯೋ ನಮ್ಮ ಕೋಟೆ!" ಅಂದಳು. ಹಿಂದಿನಿಂದ ಒಬ್ಬ ಎಣ್ಣೆತಲೆಯ ಯುವಕ, "ಇದು ಇಂಗ್ಲಿಷ್ ಚಿತ್ರ ಅಜ್ಜೀ. ನಮ್ಮೋರಿಗೆ ಈ ತರ ಹೆದ್ರಿಸೋಕೆ ಬರಲ್ಲ" ಅಂದ.

ಪಾಲ್ಮೀರಾ ತಿರುಗಿದಳು. "ನಮ್ಮೋರಿಗೆ ಹೆದ್ರಿಸೋಕೆ ಬರಲ್ವಾ? ನೀನು ನಮ್ಮತ್ತೇನ ನೋಡಿಲ್ಲ."

ಅಲ್ಲಿಂದ ಇಡೀ ಟಾಕೀಸು ನಮ್ಮ ಪಕ್ಷ. ಜನ ಸಿನಿಮಾ ನೋಡುವುದು ಸುಮ್ಮನೆ ಕೂತು ಅಂತ ನಾನು ತಿಳಿದಿದ್ದೆ. ಹಾಗಲ್ಲ. ದೊರೆಸಾನಿ ಮೊಂಬತ್ತಿ ಹಿಡಿದವಳ ಹಿಂದೆ ಬಂದು ನಿಂತರೆ, "ಹಿಂದೆ ನೋಡೇ, ಹಿಂದೆ!" ಎಂದು ಕೂಗುತ್ತಾರೆ. ಅವಳು ಕೇಳದಿದ್ದರೆ ಬೈಯುತ್ತಾರೆ. ಕಿರುಚುತ್ತಾರೆ, ಕಿರುಚಿದ್ದಕ್ಕೆ ತಾವೇ ನಗುತ್ತಾರೆ, ಪಕ್ಕದವರ ಕೈ ಹಿಡಿದುಕೊಳ್ಳುತ್ತಾರೆ. ಗಂಡ ಹೆಂಡಿರು ಅಷ್ಟು ಹತ್ತಿರ ಕೂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕತೆಯಲ್ಲೂ ಅಂಥ ಅಧರ್ಮ ಕಾಣಲಿಲ್ಲ ನನಗೆ. ಪಾಪ ಮಾಡಿದವಳಿಗೆ ಶಾಂತಿ ಇಲ್ಲ, ಶಿಲುಬೆ ಕಂಡರೆ ದೆವ್ವ ಹಿಂದೆ ಸರಿಯುತ್ತದೆ. ದೋನ್ ಎಲೀಜಿಯೋ ಹೇಳುವುದೂ ಅದನ್ನೇ, ಇಲ್ಲಿ ಜನ ನಿದ್ದೆ ಮಾಡುವುದಿಲ್ಲ ಅಷ್ಟೇ. ದೊರೆಸಾನಿಯ ರವಿಕೆಯ ಕತ್ತು ಸ್ವಲ್ಪ ಮೇಲಕ್ಕಿದ್ದರೆ ಗುಡಿಗೆ ಬರುವ ಹೆಂಗಸರಿಗೆಲ್ಲ ತೋರಿಸಬಹುದಿತ್ತು.

ಆಮೇಲೆ ನಾವು ಬಂದೆವು.

ನಮ್ಮ ದನಿ ಇಲ್ಲ. ರೋಮಿನ ಯಾರೋ ಹುಡುಗಿಯರು, ಹಾಡಿನಂಥ ದನಿ. ಪ್ರಾರ್ಥನೆ ಅರ್ಧಕ್ಕೆ ಬಂದಿದೆ, ಪೆಟ್ಟಿಗೆಯ ಮುಚ್ಚಳ ಕದಲಿತು, ಪ್ರಾರ್ಥನೆ ಕತ್ತರಿಸಿಹೋಯಿತು. ಅರ್ಧಕ್ಕೇ! ಸತ್ತವರ ಪ್ರಾರ್ಥನೆಯನ್ನು ನಡುವೆ ಬಿಟ್ಟರೆ ಏನು ಗತಿ? ಪಾಲ್ಮೀರಾ ನನ್ನ ಮುಖ ನೋಡಿದಳು. ಅದು ನಿಂತ ಮಾತಿನಿಂದ ನಾನು ಎತ್ತಿಕೊಂಡೆ, ಅವರೆಲ್ಲ ಕೂಡಿಕೊಂಡರು. ಕತ್ತಲಲ್ಲಿ ಜೋರಾಗಿ ಪೂರ್ತಿ ಹೇಳಿ ಮುಗಿಸಿದೆವು. ಕೊನೆಗೆ ಎಣ್ಣೆತಲೆಯವನೂ ಸೇರಿ ಇಡೀ ಟಾಕೀಸು "ಆಮೆನ್" ಅಂದಿತು. ಅಷ್ಟರಲ್ಲಿ ದೊರೆಸಾನಿ ಎದ್ದು ನಿಂತು ಬಾಯಿ ತೆರೆದಿದ್ದಳು. ಒಬ್ಬರೂ ಕಿರುಚಲಿಲ್ಲ. ಆಟ ಬಿಟ್ಟ ಮೇಲೆ ಮಾಲೀಕ ನನ್ನ ಮೇಲೆ ಹರಿಹಾಯ್ದ: "ನನ್ನ ದೆವ್ವಾನೇ ಕೆಡಿಸಿಬಿಟ್ರಲ್ಲಮ್ಮಾ!"

ಪ್ರಾರ್ಥನೆ ಕತ್ತರಿಸುವ ಮುಂಚೆ ನನ್ನ ಮುಖ ಬಂದಿತ್ತು. ನಾನು ಅಷ್ಟು ದೊಡ್ಡದಾಗಿ ನನ್ನನ್ನು ಯಾವತ್ತೂ ನೋಡಿರಲಿಲ್ಲ. ಮನೆಯ ಕನ್ನಡಿ ಅಂಗೈ ಅಗಲ. ನಾನು ಆ ದಿನ ಅಮ್ಮನನ್ನು ನೆನೆಯಲೆಂದೇ ಕಣ್ಣು ಮುಚ್ಚಿದ್ದೆ, ಅದು ನಿಜ. ಆದರೆ ಪರದೆಯ ಮೇಲೆ ಆ ಹೆಂಗಸಿನ ತುಟಿ ಏನು ಹೇಳುತ್ತಿದೆ ಎಂದು ತಿಳಿಯಲು ಕಿವುಡಾಗಬೇಕಿಲ್ಲ. ನಿನ್ನ ಗಂಡ ಓದಿದ್ದು ಸರಿ. ನನಗೇ ಗೊತ್ತಿರಲಿಲ್ಲ ಜೆಲೀ.

ಬಸ್ಸಿನಲ್ಲಿ ಭಯವಾಗಿ ಪಾಲ್ಮೀರಾಗೆ ಎಲ್ಲ ಹೇಳಿದೆ. ಬದುಕಿರುವವಳಿಗೆ ಸತ್ತವರಿಗೆ ಅಳುವಂತೆ ಅತ್ತೆನಲ್ಲ, ನಿನಗೇನಾದರೂ ಆದರೆ? ಪಾಲ್ಮೀರಾ ನನ್ನ ಬೆನ್ನ ಮೇಲೊಂದು ಗುದ್ದಿದಳು. "ಹುಚ್ಚೀ, ಸುಳ್ಳು ಸಾವಿಗೆ ಅತ್ರೆ ಆಯಸ್ಸು ಜಾಸ್ತಿ ಆಗುತ್ತೆ. ಇನ್ನು ಆ ಹುಡ್ಗಿ ನಮ್ಮೆಲ್ರನ್ನೂ ಹೂತೇ ಹೋಗೋದು."

ಅತ್ತದ್ದು ನಿಜ. ಇಟ್ಟ ಆಣೆಯೂ ನಿಜ. ಎರಡನ್ನೂ ಇಟ್ಟುಕೊಂಡು ಕೂತಿದ್ದೇನೆ. ಗುಡಿಯಲ್ಲಿ ಒಂದು ಗಳಿಗೆ ನಿಲ್ಲಲು ಆಗದೇ ಅವನಿಗೆ? ಕೇಳಿ ನೋಡು.

ನಿನ್ನ ಅಕ್ಕ
ಎರ್ಸಿಲಿಯಾ


ಶಾರ್ಲರ್ವಾ
೨೬ ಸೆಪ್ಟೆಂಬರ್ ೧೯೬೫

ಅಕ್ಕಾ,

ನೀನು ನನ್ನನ್ನು ಕರೆದ ಆ ಒಂದು ಶಬ್ದ ಇರುವ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ಕೊರಾದೋನನ್ನು ಕೇಳಿದೆ. ಅವನು ತಕ್ಷಣ, "ನಿಲ್ತೀನಿ. ಪಾದ್ರಿ ಹೇಳಿದ್ದನ್ನ ತಿರುಗಿ ಹೇಳ್ಬೇಕು ತಾನೇ? ಹೇಳ್ತೀನಿ" ಅಂದ. ನಿನಗೆ ಸಂತೋಷವಾಗಬಹುದು. ಆದರೆ ಬೇಡ ಅಂದವಳು ನಾನು. ದೇವರ ಮುಂದೆ ಬರೀ ತುಟಿ ಆಡಿಸಲು ನೀವು ಒಪ್ಪಲಿಲ್ಲ, ಸಿನಿಮಾಕ್ಕೂ ಒಪ್ಪಲಿಲ್ಲ. ನನ್ನ ಗಂಡನ ಕೈಯಲ್ಲಿ ಅದನ್ನು ಮಾಡಿಸಲೇ? ಅವನು ಒಳಗೆ ಇಲ್ಲದ್ದನ್ನು ಬಾಯಲ್ಲಿ ಹೇಳಿದವನಲ್ಲ. ಅದಕ್ಕೇ ಅವನನ್ನು ಕಟ್ಟಿಕೊಂಡೆ.

ನಿನ್ನ ಆಣೆಯನ್ನು ಮುರಿ ಎಂದೂ ಹೇಳಲಾರೆ. ಆಣೆ ಮುರಿದ ಮೇಲೆ ನೀನು ಹೇಗಿರುತ್ತೀ ಎಂದು ನನಗೆ ಗೊತ್ತು. ಚಳಿಗಾಲಕ್ಕೆ ಮುಂಚೆ ಇಲ್ಲೇ ಒಂದು ಕೋಣೆ ಹುಡುಕುತ್ತೇವೆ. ಬರೆಯುತ್ತ ಇರು, ಅಷ್ಟು ಸಾಕು.

ನಿನ್ನ ಜೆಲೀ


ಕಸ್ತೆಲ್‌ಮೋರೋ
೧೭ ಅಕ್ಟೋಬರ್ ೧೯೬೫

ಜೆಲೀ,

ಕೋಣೆ ಹುಡುಕಬೇಡ.

ನೀನು ಬರೆದದ್ದನ್ನು ಓದಿ ನನಗೆ ಸಿಟ್ಟು ಬಂತು. ಆಮೇಲೆ ನಾಚಿಕೆ ಬಂತು. ಸುಳ್ಳು ಹೇಳಿ ಗುಡಿಯಲ್ಲಿ ನಿಲ್ಲುವವನಿಗಿಂತ ನಿಜ ಹೇಳಿ ಹೊರಗೆ ನಿಲ್ಲುವವನು ಮೇಲು ಎಂದು ಬರೆದರೆ ದೋನ್ ಎಲೀಜಿಯೋ ನನ್ನ ಕೈಗೆ ಹೊಡೆಯಬಹುದು. ಅವರ ಹತ್ತಿರ ಹೋಗಿ, ಆಣೆ ಬಿಡಿಸಿ ಅಂದೆ. "ಬಿಷಪ್ಪರಿಗೆ ಬರೀಬೇಕು. ಉತ್ತರ ಬರೋ ಹೊತ್ತಿಗೆ ಹುಡ್ಗಿ ಮದ್ವೆಗೆ ಬಂದಿರ್ತಾಳೆ" ಅಂದರು.

ಮನೆಗೆ ಬಂದು ಮಾತೆಯ ಮುಂದೆ ಕೂತು ನನ್ನ ಆಣೆಯನ್ನು ಒಂದೊಂದೇ ಮಾತಾಗಿ ಮತ್ತೆ ಹೇಳಿಕೊಂಡೆ. ನನ್ನ ಕೈಯಿಂದ ಬಾಗಿಲು ತೆರೆಯುವುದಿಲ್ಲ. ಇಷ್ಟೇ ನಾನು ಹೇಳಿದ್ದು.

ಇನ್ನು ಎರಡು ವಾರಕ್ಕೆ ಸತ್ತವರ ಹಬ್ಬ. ಆ ಸಂಜೆ ನಮ್ಮೂರಲ್ಲಿ ಯಾರ ಮನೆಗೂ ಅಗಳಿ ಹಾಕುವುದಿಲ್ಲ. ನೀನು ಮರೆತಿರಲಾರೆ. ಹೋದವರು ಬಂದರೆ ಅಡ್ಡಿಯಾಗಬಾರದು ಎಂದು ಬಾಗಿಲು ಸುಮ್ಮನೆ ಮುಂದೆ ಮಾಡಿ, ಕಿಟಕಿಯಲ್ಲಿ ದೀಪ ಇಟ್ಟು, ಮೇಜಿನ ಮೇಲೆ ಬ್ರೆಡ್ಡು ನೀರು ಇಡುತ್ತೇವೆ. ಅವತ್ತು ನಾನು ಯಾರಿಗೂ ಬಾಗಿಲು ತೆರೆಯುವುದಿಲ್ಲ. ತೆರೆಯುವ ಕೆಲಸವೇ ಇಲ್ಲ. ನಾನು ನಿನಗೆ ಪದ್ಧತಿ ಪ್ರಕಾರ ಅತ್ತಿದ್ದೇನೆ, ಊರೆಲ್ಲ ಸಾಕ್ಷಿ ಇದೆ, ಎರಡು ದೇಶದ ಟಾಕೀಸಿನಲ್ಲಿ ತೋರಿಸಿದ್ದಾರೆ. ಆ ಸಂಜೆ ಬರುವ ಹಕ್ಕು ನಿನಗಿಲ್ಲದೆ ಇನ್ಯಾರಿಗಿದೆ? ನೀನು ಬಂದರೆ ನಿನ್ನ ಜೊತೆಯವರನ್ನು ಯಾರು ಎಂದು ಕೇಳುವ ಪದ್ಧತಿಯೂ ಇಲ್ಲ.

ದೋನ್ ಎಲೀಜಿಯೋಗೆ ಇದನ್ನು ಹೇಳಿದೆ. ಬಹಳ ಹೊತ್ತು ಚಾವಣಿಯ ಹೆಂಚು ನೋಡುತ್ತಾ ನಿಂತರು. "ನಾನು ಏನೂ ಕೇಳಿಸ್ಕೊಳ್ಲಿಲ್ಲ" ಅಂದರು.

ಮಹಡಿ ಕೋಣೆಗೆ ಸುಣ್ಣ ಹೊಡೆಸಿದೆ. ಪಾಲ್ಮೀರಾ ಹಾಸಿಗೆಗೆ ಹೊಸ ಉಣ್ಣೆ ತುಂಬಿಸಿಕೊಟ್ಟಳು. ಬ್ರೆಡ್ಡು ನೀರಿನ ಜೊತೆಗೆ ಕೋಳಿ ಸಾರನ್ನೂ ಇಡುತ್ತೇನೆ. ಸತ್ತವರಿಗೆ ಸಾರು ಬೇಕಿಲ್ಲ, ಕೊರಾದೋಗೆ ಬೇಕು. ಲೀದಿಯಾ ಕೊಬ್ಬು ಕಂಡರೆ ಮೂಗು ಮುರಿಯುವವಳಾದರೆ ಮೊದಲೇ ಬರೆ, ತೆಗೆದಿಡುತ್ತೇನೆ.

ಮಧ್ಯಾಹ್ನದ ಬಸ್ಸು ಹಿಡಿಯಿರಿ, ದೀಪ ಹಚ್ಚುವ ಹೊತ್ತಿಗೆ ಇಲ್ಲಿರುತ್ತೀರಿ. ಒಂದೇ ಮಾತು ನೆನಪಿಡಿ. ಬಾಗಿಲು ತಟ್ಟಬೇಡಿ. ತಟ್ಟಿದರೆ ನಾನು ತಡೆಯಲಾರೆ, ಓಡಿ ಬಂದು ತೆರೆದುಬಿಡುತ್ತೇನೆ, ಆಣೆ ಮುರಿದುಹೋಗುತ್ತದೆ. ಸುಮ್ಮನೆ ದೂಡಿಕೊಂಡು ಒಳಗೆ ಬನ್ನಿ.

ಕಾದಿರುವ
ನಿನ್ನ ಅಕ್ಕ